ರಿವರ್ಸ್ ಇದ್ದ ಜಾಗ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಮೆಕ್ಯಾನಿಕ್, ದೆವ್ವಗಿವ್ವದ ಗೋಜಿಗೆ ಹೋದವನಲ್ಲ.

ಅಕ್ಕನ ಹಳೇ ಸ್ಪೋರ್ಟ್ಸ್ ಕಾರಿಗೆ ಹೊಸ ಮಾದರಿಯ ಗೇರ್‌ಬಾಕ್ಸ್ ಕೂರಿಸುತ್ತಿದ್ದೆ. ಕೆಲಸ ಅರ್ಧದಲ್ಲಿರುವಾಗಲೇ ಅವಳು ಮಿದುಳಿನಲ್ಲಿ ರಕ್ತಸ್ರಾವವಾಗಿ ಕುಸಿದು, ಎಚ್ಚರವಿಲ್ಲದೆ ಆಸ್ಪತ್ರೆ ಸೇರಿದಳು. ಕಾರು ಸಿದ್ಧವಾದರೆ ಎದ್ದು ಬರುತ್ತಾಳೆಂಬ ಹುಚ್ಚು ನಂಬಿಕೆಯಲ್ಲಿ ಹೇಗೋ ಮುಗಿಸಿದೆ. ಕಾರಿನ ಮೂತಿ ಒಳಗಿನ ಗೋಡೆಯ ಕಡೆಗಿತ್ತು, ಬಾಗಿಲು ಹಿಂದಕ್ಕೆ. ಬ್ಯಾಟರಿ ಕಳಚಿ ಮೇಜಿನ ಮೇಲಿಟ್ಟು ಶೆಡ್ಡಿಗೆ ಬೀಗ ಹಾಕಿದೆ.

ಮರುದಿನ ಅಮ್ಮ ಬೈದಳು: "ಕಣ್ಣು ಎಲ್ಲಿಟ್ಕೊಂಡಿದ್ಯೋ? ಕಾರನ್ನ ಗೋಡೆಗೆ ಗುದ್ದಿಸಿದೀಯಲ್ಲ!"

ನಾನು ಮುಟ್ಟಿರಲಿಲ್ಲ. ಗೇರು ಒಂದರಲ್ಲಿತ್ತು. ಈಗತಾನೇ ಯಾರೋ ಕೈಬಿಟ್ಟಂತೆ ಗೇರ್ ರಾಡ್ ಬೆಚ್ಚಗಿತ್ತು. ಕಾರನ್ನು ಹಿಂದಕ್ಕೆ ತಳ್ಳಿ ನಿಲ್ಲಿಸಿದೆ. ಆಮೇಲೆ ದಿನಾ ಬೆಳಿಗ್ಗೆ ಅದೇ ಗೋಡೆ, ಅದೇ ಬಿಸುಪು, ಅದೇ ಒಂದನೇ ಗೇರು.

ಕೊನೆಗೆ ಹೊಳೆಯಿತು. ಹಳೇ ಬಾಕ್ಸಿನಲ್ಲಿ ಎಡಗಡೆ ಮೇಲೆ ರಿವರ್ಸ್ ಇತ್ತು. ಹೊಸದರಲ್ಲಿ ಅಲ್ಲಿರುವುದು ಒಂದನೇ ಗೇರು. ಹಳೆಯದಷ್ಟೇ ಗೊತ್ತಿದ್ದ ಕೈಯೊಂದು ಕಾರನ್ನು ಹೊರಗೆ ತೆಗೆಯಲು ಒದ್ದಾಡುತ್ತಿತ್ತು.

ಆಸ್ಪತ್ರೆಗೆ ಓಡಿದೆ. ಅಕ್ಕನ ತಣ್ಣನೆಯ ಎಡಗೈ ಹಿಡಿದು ಹಾಸಿಗೆಯ ಮೇಲೆ ಎಳೆದು ತೋರಿಸಿದೆ. "ರಿವರ್ಸ್ ಈಗ ಬಲಗಡೆ ಕೆಳಗೆ ಕಣೇ. ನೋಡು, ಹೀಗೆ. ಇನ್ನು ಗೋಡೆಗೆ ಗುದ್ಬೇಡ, ಹೊರಗೆ ಬಾರೇ ಅಕ್ಕಾ."

ಇವತ್ತು ಬೆಳಿಗ್ಗೆ ಶೆಡ್ಡಿನ ಬೀಗ ಹಾಕಿದ್ದಂತೆಯೇ ಇದೆ. ಬ್ಯಾಟರಿಯೂ ಮೇಜಿನ ಮೇಲೇ ಇದೆ. ಕಾರು ಮಾತ್ರ ಒಂದು ಹೊಸ ಗೀರೂ ಇಲ್ಲದೆ ಬೀದಿಗೆ ಬಂದು ನಿಂತಿದೆ, ಎಂಜಿನ್ ಸುಡುತ್ತಿದೆ.

ಆಸ್ಪತ್ರೆಯಿಂದ ಫೋನು ಹೊಡೆದುಕೊಳ್ಳುತ್ತಲೇ ಇದೆ. ನಾನಿನ್ನೂ ಎತ್ತಿಲ್ಲ.