ನಾಲ್ಕನೇ ಜ್ವರ

"ತಿಮಿಂಗಿಲ ಮೀನಲ್ಲ ಕಣಪ್ಪ, ಮರಿಗೆ ಹಾಲು ಕುಡಿಸೋ ಪ್ರಾಣಿ. ಅದು ಎಂಟನೇ ಕ್ಲಾಸಿನ ಪಾಠ. ಏಳಕ್ಕೇ ಇಸ್ಕೂಲು ಬಿಟ್ಟೋರಿಗೆ ಎಲ್ಲಿಂದ ಬರಬೇಕು?"

ದೇವೇಂದ್ರ ದನಿ ಏರಿಸದೆ ಹೇಳಿದ. ಬೂದಿಗೆರೆಯ ವಾಚನಾಲಯದಲ್ಲಿ ಕೂತಿದ್ದ ಇಪ್ಪತ್ತು ಜನವೂ ನಕ್ಕರು. ತಿಮಿಂಗಿಲವನ್ನು ಮೀನು ಎಂದಿದ್ದ ಮುನಿಕೃಷ್ಣನೂ ಹಲ್ಲು ಕಿರಿದ. ಒಳಗೆ ಕೆಂಡ ಬಿದ್ದಿತ್ತು.

ಎರಡು ವರ್ಷದ ಹಿಂದೆ ಊರಿನ ಸಂದೇಹಗಳೆಲ್ಲ ಅವನ ಬಳಿಗೇ ಬರುತ್ತಿದ್ದವು. ಒಂಟೆಯ ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು ಎಂದು ಅವನು ಹೇಳಿದರೆ ಹೊಲದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು ಕುಡುಗೋಲು ನಿಲ್ಲಿಸಿ ಕೇಳುತ್ತಿದ್ದರು. ಕಡಲೆಕಾಯಿ ಪೊಟ್ಟಣದ ಕಾಗದವನ್ನೂ ಬಿಡದೆ ಓದಿ ಕೂಡಿಸಿದ ಜ್ಞಾನ ಅದು. ಆಗಸ್ಟ್ ಹದಿನೈದರ ರಸಪ್ರಶ್ನೆಯಲ್ಲಿ ಪ್ರಶ್ನೆ ಕೇಳುವ ಕುರ್ಚಿ ಅವನದಾಗಿತ್ತು. ಆಮೇಲೆ ಪೇಟೆಯಲ್ಲಿ ಹುಟ್ಟಿ ಬೆಳೆದ ಈ ದೇವೇಂದ್ರ, ದೇವನಹಳ್ಳಿಯ ಆಫೀಸೊಂದರ ಗುಮಾಸ್ತ, ಇಲ್ಲಿ ಬಾಡಿಗೆ ಮನೆ ಹಿಡಿದ. ಪತ್ರಿಕೆಯಲ್ಲಿ ತಪ್ಪು ಕಂಡರೆ ತಿದ್ದಿ ಸಂಪಾದಕರಿಗೆ ಅಂಚೆ ಕಾರ್ಡು ಬರೆಯುತ್ತಿದ್ದ. ಹೆಚ್ಚುಕಮ್ಮಿ ವಾರಕ್ಕೊಂದು ಅಚ್ಚಾಗುತ್ತಿತ್ತು, ಕೆಳಗೆ ದಪ್ಪಕ್ಷರದಲ್ಲಿ ಅವನ ಹೆಸರು. ಮುನಿಕೃಷ್ಣ ಕಳಿಸಿದ್ದ ಹನ್ನೊಂದು ಕಾರ್ಡುಗಳಲ್ಲಿ ಒಂದೂ ಅಚ್ಚಾಗಿರಲಿಲ್ಲ. ಈ ಸಲದ ಕುರ್ಚಿ ದೇವೇಂದ್ರನಿಗೇ ಎಂದು ಹಿರಿಯರು ಮುಕ್ಕಾಲು ಪಾಲು ತೀರ್ಮಾನಿಸಿಬಿಟ್ಟಿದ್ದರು.

ಮುನಿಕೃಷ್ಣ ಲೆಕ್ಕ ಹಾಕಿದ: ಹೊಡೆದರೆ ಜನ ಅಯ್ಯೋ ಎನ್ನುವುದು ದೇವೇಂದ್ರನಿಗೇ. ಅವನು ಎಲ್ಲಿಂದ ಮೇಲೆ ಬಂದಿದ್ದನೋ ಅಲ್ಲಿಂದಲೇ ಬೀಳಬೇಕು.

ರೇಷ್ಮೆಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಊರವರು ಅದನ್ನು ಜ್ವರ ಎನ್ನುತ್ತಾರೆ. ನಾಲ್ಕು ಜ್ವರದ ಲೆಕ್ಕ ಇಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಪತ್ರಿಕೆಯ ಕೃಷಿ ಪುಟ ನಾಲ್ಕು ಎಂದೇ ಬರೆದಿತ್ತು. ಅದು ತಪ್ಪು, ಮೂರೇ ಜ್ವರ ಎಂದು ದೇವೇಂದ್ರನ ಹೆಸರಲ್ಲಿ ಒಂದು ಕಾರ್ಡು ಹೋದರೆ? ಆ ಹೆಸರಿನ ಮೇಲಿನ ನಂಬಿಕೆಗೇ ಪತ್ರಿಕೆಯವರು ಕಣ್ಣು ಮುಚ್ಚಿ ಅಚ್ಚು ಹಾಕುತ್ತಾರೆ. ನಾನು ಬರೆದಿಲ್ಲ ಎಂದು ಅವನು ಎಷ್ಟು ಬಡಕೊಂಡರೂ, ಜನ್ಮದಲ್ಲಿ ತಪ್ಪೊಪ್ಪದವನ ಮಾತು ಯಾರು ನಂಬುತ್ತಾರೆ?

ವಾಚನಾಲಯದ ಗೋಡೆಗೆ ದೇವೇಂದ್ರ ಅಂಟಿಸಿದ್ದ ಸೂಚನಾಪತ್ರ ನೋಡಿ ಮುನಿಕೃಷ್ಣ ಮೂರು ದಿನ ಅದೇ ಅಕ್ಷರ ತಿದ್ದಿದ. ಅವನು ಬಳಸುವಂಥದೇ ಹಸಿರು ಶಾಯಿ ತಂದ. ಕಾರ್ಡನ್ನು ದೇವನಹಳ್ಳಿಗೆ ಹೋಗಿ, ಅವನ ಆಫೀಸಿನ ಎದುರಿನ ಡಬ್ಬಿಗೇ ಹಾಕಿದ. ಅಂಚೆ ಮುದ್ರೆಯೂ ಸರಿಹೋಯಿತು. ಉಳಿದ ಶಾಯಿ ತಿಪ್ಪೆ ಸೇರಿತು. ಕಾರ್ಡಿನ ಕೊನೆಯ ಸಾಲನ್ನು ಮಾತ್ರ ಅವನು ಪ್ರೀತಿಯಿಂದ ಬರೆದಿದ್ದ: 'ನಾಲ್ಕನೆಯ ಸಲ ಹುಳು ಮಲಗುವುದು ಜ್ವರದಿಂದಲ್ಲ, ಹೊಟ್ಟೆ ಬಿರಿಯೆ ಉಂಡಿದ್ದರಿಂದ.' ಊರು ಬಿದ್ದು ಬಿದ್ದು ನಗುವುದು ಆ ಸಾಲಿಗೇ. ಮಲಗಿದಾಗಲೂ ಅದನ್ನೇ ನೆನೆದು ನಗುತ್ತಿದ್ದ.

ಊರಿಗೆ ಬರುತ್ತಿದ್ದುದು ಪತ್ರಿಕೆಯ ಒಂದೇ ಪ್ರತಿ, ಬೆಳಗಿನ ಮೊದಲ ಬಸ್ಸಿಗೆ. ವಾಚನಾಲಯ ನೋಡಿಕೊಳ್ಳುತ್ತಿದ್ದ ಮುನಿಶಾಮಪ್ಪ ಗಟ್ಟಿಯಾಗಿ ಓದಿ ಮುಗಿಸುವ ತನಕ ಬೇರೆಯವರು ಅದನ್ನು ಮುಟ್ಟುವ ಹಾಗಿರಲಿಲ್ಲ. ಕಣ್ಣು ಮಂಜಾದ ಮುದುಕ ಸಾಲು ಹಾರಿಸುತ್ತಿದ್ದ. ಓದಿದ್ದಕ್ಕೆ ಅರ್ಥ ಕೂಡದಿದ್ದಾಗಲೆಲ್ಲ ಹಿಂದೆ ಕೂತಲ್ಲಿಂದಲೇ ತಿದ್ದುವುದು ಮುನಿಕೃಷ್ಣನ ಹಳೆಯ ಚಾಳಿ.

ಕಾರ್ಡು ಹಾಕಿದ ಎರಡನೇ ಭಾನುವಾರ ಅದು ಅಚ್ಚಾಗಿ ಬಂತು. ಮುನಿಶಾಮಪ್ಪ ದೇವೇಂದ್ರನ ಹೆಸರು ಸಮೇತ ಓದಿದ.

"ಏನ್ ಗುರು, ನಿಮ್ ಹುಳಕ್ಕೆ ಒಂದು ಜ್ವರ ಡಾಕ್ಟ್ರು ಕಮ್ಮಿ ಮಾಡಿದ್ರಾ?" ಎಂದಿತು ಒಂದು ದನಿ. ವಾಚನಾಲಯದ ಹೆಂಚು ಹಾರುವಷ್ಟು ನಗು. ನಾನು ಬರೆದಿಲ್ಲ ಎಂದು ದೇವೇಂದ್ರ ಬಿಳಿಚಿಕೊಂಡು ಹೇಳಿದಷ್ಟೂ ನಗು ಹೆಚ್ಚಿತು. ಕುರ್ಚಿ ನಮ್ಮ ಮುನಿಕೃಷ್ಣನಿಗೇ ಇರಲಿ ಎಂದರು ಹಿರಿಯರಾದ ವೆಂಕಟರಾಯಪ್ಪ.

ಮುನಿಕೃಷ್ಣ ಗೆದ್ದಿದ್ದ. ಆದರೂ ಏನೋ ಕಚ್ಚುತ್ತಿತ್ತು. ಬದುಕಿನಲ್ಲಿ ಮೊದಲ ಸಲ ತನ್ನ ಬರಹ ಅಚ್ಚಾಗಿದೆ, ಅದರ ಅತ್ಯುತ್ತಮ ಸಾಲನ್ನು ಈ ಮುದುಕ ನುಂಗಿಬಿಟ್ಟನಲ್ಲ.

"ಮಾವ, ಕೊನೇ ಸಾಲು ಹಾರಿಸ್ಬಿಟ್ಟೆ," ಎಂದ. "ನಾಲ್ಕನೇ ಸಲ ಮಲಗೋದು ಜ್ವರದಿಂದಲ್ಲ, ಹೊಟ್ಟೆ ಬಿರಿಯೆ ಉಂಡಿದ್ದರಿಂದ. ಅದನ್ನ ಓದು."

ಮುನಿಶಾಮಪ್ಪ ಪುಟಕ್ಕೆ ಮೂಗು ತಾಗಿಸಿ, ಬೆರಳಿಟ್ಟು ಎರಡು ಸಲ ಹುಡುಕಿದ. "ಅಂಥ ಸಾಲೇ ಇಲ್ವಲ್ಲೋ ಇಲ್ಲಿ," ಎಂದು ಕತ್ತೆತ್ತಿದ. ನಗು ಒಂದೊಂದೇ ಬಾಯಿಯಲ್ಲಿ ಆರಿತು. ದೇವೇಂದ್ರ ಪತ್ರಿಕೆ ತೆಗೆದುಕೊಂಡು ನೋಡಿದ. ಆಮೇಲೆ ಎಂದಿನ ಹಾಗೆ, ದನಿ ಏರಿಸದೆ, ತಿದ್ದಿದ: "ಅವರು ಯಾರ ಕಾಗದನೂ ಪೂರ್ತಿ ಹಾಕಲ್ಲ ಕಣಪ್ಪ, ಕೊನೇದು ಕತ್ತರಿಸೇ ಕತ್ತರಿಸ್ತಾರೆ. ಒಂದ್ಸಲ ಅಚ್ಚಾಗಿದ್ರೆ ನಿಂಗೂ ಗೊತ್ತಿರೋದು." ಇಪ್ಪತ್ತು ಜನ ಮುನಿಕೃಷ್ಣನ ಕಡೆ ತಿರುಗಿದರು. ಅವನು ಎದ್ದು, ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿ, ಬಸ್ ಸ್ಟಾಪಿನ ಕಡೆ ನಡೆದುಬಿಟ್ಟ.