ಕೊರಮೀನಿಗೆ ಯಾವ ವೈನ್

ಕುಮುದಾಳಿಗೆ ನಾನೂರು ವೈನುಗಳ ಹೆಸರು ಬಾಯಿಪಾಠವಿತ್ತು. ಆದರೆ ಒಂದನ್ನೂ ನಾಲಿಗೆಗೆ ಮುಟ್ಟಿಸಿದವಳಲ್ಲ. ಮಾದಾಪುರದ ಆಫೀಸಿನಲ್ಲಿ ಒಂದೂವರೆ ವರ್ಷದಿಂದ ಅವಳು ಟೆಸ್ಟ್ ಮಾಡುತ್ತಿದ್ದದ್ದು ವಿದೇಶದ ವೈನ್ ಅಂಗಡಿಯೊಂದರ ವೆಬ್‌ಸೈಟ್. ಯಾವ ಊಟಕ್ಕೆ ಯಾವ ವೈನ್ ಎಂದು ಹೇಳುವ ಪ್ರೋಗ್ರಾಮ್ ಬರೆದವನು ದೇವದುರ್ಗದ ಮೌನೇಶ. ಅದರಲ್ಲಿ ತಪ್ಪು ಹುಡುಕುವುದು ಮಲ್ಪೆಯ ಕುಮುದಾಳ ಕೆಲಸ.

ಶುಕ್ರವಾರ ಪ್ರಾಜೆಕ್ಟ್ ಮುಗಿಯಿತು. ಕುಮುದಾಳಿಗೆ ಪುಣೆಯಲ್ಲಿ ಟೀಮ್ ಲೀಡ್ ಕೆಲಸ ಸಿಕ್ಕಿತು. ಸೋಮವಾರ ಉತ್ತರ ಕಳಿಸಬೇಕು.

ಮೌನೇಶ ಕಂಗ್ರಾಟ್ಸ್ ಹೇಳಿದ. ಆಮೇಲೆ, "ಭಾನುವಾರ ಮಧ್ಯಾಹ್ನ ಮೀನ ಸುಡ್ತೀನಿ, ಬರ್ರಿ. ವೈನ್ ನೀವಾ ಆರಿಸ್ಕೊಂಡು ಬರ್ರಿ" ಎಂದ.

ಅಷ್ಟೇ. ಒಂದೂವರೆ ವರ್ಷ ಕಣ್ಣಲ್ಲೇ ಮಾತಾಡಿದ ಈ ಮನುಷ್ಯ ಮುಖ್ಯವಾದ ಮಾತನ್ನು ತಾನಾಗಿ ಎಂದೂ ಆಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹಾಗಾದರೆ ನಾನೇ ಕೇಳಿಬಿಡುತ್ತೇನೆ ಎಂದುಕೊಂಡೇ ಭಾನುವಾರ ಅವನ ಮನೆಯಿದ್ದ ಮಲ್ಕಾಜ್‌ಗಿರಿಗೆ ಆಟೋ ಹಿಡಿದಳು.

ದಾರಿಯುದ್ದಕ್ಕೂ 'ವೈನ್ಸ್' ಎಂಬ ಬೋರ್ಡುಗಳು. ಮೂರು ಕಡೆ ಇಳಿದು ಕೇಳಿದಳು. ವಿಸ್ಕಿ, ಬ್ರಾಂದಿ, ಬಿಯರ್ ಎಲ್ಲ ಇತ್ತು, ವೈನ್ ಮಾತ್ರ ಇರಲಿಲ್ಲ. ಹುಡುಗಿಯೊಬ್ಬಳು ಕೌಂಟರಿಗೆ ಬಂದದ್ದು ಕಂಡು ಗಂಡಸರು ತಾವಾಗಿಯೇ ಸರಿದು ಜಾಗ ಬಿಟ್ಟರು. ನಾಲ್ಕನೆಯ ಅಂಗಡಿಯವನು ಕಪಾಟಿನ ಮೂಲೆಯಿಂದ ನಾಸಿಕದ ವೈನ್ ಎರಡು ಬಾಟಲಿ ತೆಗೆದು, ಧೂಳು ಒರೆಸಿ ಇಟ್ಟ. ಒಂದು ಕೆಂಪು, ಒಂದು ಬಿಳಿ. ಮಸಾಲೆ ಮೀನಿಗೆ ಕೊಂಚ ಸಿಹಿಯಿರುವ ಬಿಳಿ ವೈನ್. ಓದಿದ ಪಾಠ ನೆನೆದು ಬಿಳಿಯದನ್ನೇ ಎತ್ತಿಕೊಂಡಳು.

ಮೌನೇಶ ತನ್ನ ತಾರಸಿಯ ಕೋಣೆಯ ಮುಂದೆ ಇದ್ದಿಲ ಒಲೆ ಹೂಡಿದ್ದ. ಮೀನಿನ ಮೈಗೆ ಅಡ್ಡಡ್ಡ ಗೀರಿ, ಹುರಿದು ಅರೆದ ಕೊತ್ತಂಬರಿ ಬೀಜ, ಜೀರಿಗೆ, ಲವಂಗ, ಕಾಳುಮೆಣಸು, ಅರಿಶಿನ ತುಂಬಿಸಿದ್ದ. ಹುಣಸೆರಸ ಚಿಮುಕಿಸಿದಾಗ ಕೆಂಡ ಚುರ್ರೆಂದು ಪರಿಮಳ ಎದ್ದಿತು.

"ಕೊರಮೀನು? ಹೊಳೆ ಮೀನಿಗೆ ಮಣ್ಣಿನ ವಾಸನೆ ಇರ್ತದಲ್ವಾ ಮಾರಾಯ್ರೆ?"

"ಕೃಷ್ಣಾ ದಂಡಿ ಮ್ಯಾಲೆ ಬೆಳದಾಂವ ರೀ ನಾನು. ಮೊದ್ಲ ತಿನ್ರಿ, ಆಮ್ಯಾಲೆ ಮಾತಾಡ್ರಿ."

ಅವನು ಮಣಿಕಟ್ಟಿನಿಂದ ಬೆವರು ಒರೆಸಿಕೊಂಡಾಗ ಹಣೆಗೆ ಅರಿಶಿನ ಮೆತ್ತಿತು. ಅವಳು ಕಣ್ಣು ತೆಗೆಯಲಿಲ್ಲ.

"ಮೀನ ನೋಡ್ರಿ. ನನ್ನೇನು ನೋಡಾಕತ್ತೀರಿ?"

"ಯಾರು ಮೊದಲು ಬೇಯ್ತಾರೆ ಅಂತ ನೋಡ್ತಾ ಇದ್ದೇನೆ."

ಅವನ ಕಿವಿ ಕೆಂಪಾಯಿತು.

ಬಾಟಲಿಯ ಕಾರ್ಕ್ ಹೊರಗೆ ಬರಲೊಪ್ಪದೆ, ಸ್ಕ್ರೂಡ್ರೈವರಿನಿಂದ ತಿವಿದಾಗ ಬಾಟಲಿಯೊಳಗೇ ಬಿತ್ತು. ಸ್ಟೀಲ್ ಲೋಟದಿಂದ ಮೊದಲ ಗುಟುಕು ಹೀರಿದ ಕುಮುದಾ ಮುಖ ಹಿಂಡಿದಳು.

"ಹೆಂಗೈತ್ರಿ, ಮೇಡಂ?"

"ಹುಳಿ."

ಅವನು ನಗುತ್ತ ಬಿಸಿ ತುಂಡೊಂದನ್ನು ಮುಳ್ಳು ಬಿಡಿಸಿ ಅವಳ ತಟ್ಟೆಗಿಟ್ಟ. ತಿಂದಳು. ಮಣ್ಣಿನ ವಾಸನೆ ಇರಲಿಲ್ಲ. ನಾಲಿಗೆ ಚುರುಗುಡುತ್ತಿರುವಾಗಲೇ ಇನ್ನೊಂದು ಗುಟುಕು ಕುಡಿದಳು. ಖಾರ ತಣ್ಣಗಾಗಿ, ಹುಳಿ ಹಿಂದೆ ಸರಿದು, ಲವಂಗದ ಘಮ ಬಾಯಿ ತುಂಬಿತು. ತನ್ನ ಲೋಟವನ್ನೇ ಅವನತ್ತ ಚಾಚಿದಳು.

"ಜೋಡಿ ಸರಿ ಐತ್ರೀ," ಎಂದ ಅವನು ಕುಡಿದು.

"ನಿಮ್ಮ ಪ್ರೋಗ್ರಾಮ್ ಮಸಾಲೆ ಮೀನಿಗೆ ಕೆಂಪು ವೈನ್ ಅಂತಿತ್ತು. ಆರು ಸಲ ಹೇಳಿದೆ. ಯಾಕೆ ಸರಿ ಮಾಡ್ಲಿಲ್ಲ?"

"ಸರಿ ಮಾಡಿದ್ರ ನೀವು ನನ್ನ ಸೀಟಿನ ತನಕ ಬರ್ತಿದ್ದಿಲ್ಲ."

"ಗೊತ್ತಿತ್ತು. ಅದಕ್ಕೇ ಮೇಲ್ ಕಳಿಸದೆ ನಡೆದು ಬರ್ತಿದ್ದೆ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಕುಮುದಾ ಬೆನ್ನು ನೇರ ಮಾಡಿ ಕೂತಳು.

"ಪುಣೆಗೆ ನಾನು ಹೋಗ್ತೇನೆ ಮೌನೇಶ್. ಅಷ್ಟು ಕಷ್ಟಪಟ್ಟು ಬಂದ ಕೆಲಸ, ಬಿಡುವುದಿಲ್ಲ. ನಿಮ್ಮನ್ನು ಬಿಡ್ಲಿಕ್ಕೂ ನನಗೆ ಮನಸ್ಸಿಲ್ಲ. ನನ್ನನ್ನು ಮದುವೆ ಆಗ್ತೀರಾ?"

ಅವನು ಲೋಟ ಕೆಳಗಿಟ್ಟ. ಎದ್ದು ಹೋಗಿ ಕೈ ತೊಳೆದ. ಬೆಳಗಿನಿಂದ ಅಳುಕದ ಕುಮುದಾ ಆಗ ಮೊದಲ ಬಾರಿಗೆ ಅಳುಕಿದಳು. ಅವನು ಕೈ ಒರೆಸಿಕೊಂಡು, ಜೇಬಿನಿಂದ ಫೋನ್ ತೆಗೆದು ನಂಬರ್ ಒತ್ತಿದ.

"ಅವ್ವಾ, ಇಲ್ಲೊಬ್ರು ನನ್ನ ಮದಿವಿ ಆಗ್ತೀ ಏನಂತ ಕೇಳ್ಯಾರ. ಹೂಂ ಅನ್ನಾಕತ್ತೀನಿ. ಪುಣೆದಾಗ ಕೆಲಸ ಹುಡುಕ್ತೀನಿ. ತಗೋ, ಮಾತಾಡು."

ಫೋನ್ ಅವಳ ಕೈಗಿಟ್ಟ. ಹೆಸರು ಹೇಳಲು ಅವಳು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಮಾತು ಬಂತು.

"ಕುಮುದಾ ಹೌದಿಲ್ಲೋ? ವರ್ಷ ಆತವ್ವಾ, ಇಂವ ನಿನ್ನ ಹೆಸರ ಹೇಳಾಕತ್ತು. ಯಾವಾಗ ಬರ್ತಿ?"

ಕುಮುದಾ ಮೌನೇಶನನ್ನು ನೋಡಿದಳು. ಅವನು ಕೆಂಡ ಕೆದಕುತ್ತ ತಲೆ ತಗ್ಗಿಸಿ ನಿಂತಿದ್ದ.

"ಬರುವ ಭಾನುವಾರ, ಅತ್ತೆ," ಎಂದಳು.