ಬ್ಯಾಟರಿ ಉಲ್ಟಾ ಜೋಡಿಸಿದವನು

ಬ್ಯಾಟರಿಗೆ ತಂತಿ ತಾಗಿದ್ದೇ ತಡ, ಬಾನೆಟ್ಟಿನೊಳಗಿಂದ ಬಿಳಿ ಹೊಗೆ ಎದ್ದಿತು.

ಹೊಲಿಯುತ್ತಿದ್ದ ಸೀಟಿನ ಕವರ್ ಬಿಸಾಕಿ ಅವಳು ಓಡಿ ಬಂದಳು. ಎಲೆಕ್ಟ್ರಿಷಿಯನ್ ಆಗಲೇ ತಂತಿ ಕಿತ್ತು ಹಿಡಿದಿದ್ದ. ಬೆರಳ ತುದಿ ಕೆಂಪಗಾಗಿತ್ತು.

"ಏನು ಮಾಡಿದ್ರಿ?"

"ಸರಿಯಾಗೇ ಜೋಡಿಸಿದೆ ಅಂದ್ಕೊಂಡೆ ಮೇಡಂ..."

"ನಿಮ್ಮ ಅಂದಾಜಿಗೆ ನನ್ನ ಕಾರೇ ಬೇಕಿತ್ತಾ? ಹೊರಡಿ."

ಅವನು ವೈರಿಂಗ್ ನೋಡಲು ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ಕೊಟ್ಟ ಕಾಫಿ ಇನ್ನೂ ಆರಿರಲಿಲ್ಲ. ಪಟ್ಟಿ ಹರಿದ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟ. ಗೇಟಿನ ಬಳಿ ಒಮ್ಮೆ ತಿರುಗಿ ನೋಡಿದ್ದು ಅವಳನ್ನಲ್ಲ, ಕಾರನ್ನು.

ಅದೇ ಯಾಕೋ ಅವಳಿಗೆ ಚುಚ್ಚಿತು...

ಅಪ್ಪ ಬಿಟ್ಟುಹೋದ ಬ್ರಿಟಿಷ್ ಕಾರು ಅದು, ವಯಸ್ಸಿನಲ್ಲಿ ಅವಳಿಗಿಂತ ಹಿರಿಯದು. ದಿನವೂ ಸೀಟು ಹೊಲಿಯುವ ಅಂಗಡಿ ಮುಚ್ಚಿ ಬಂದು, ಮನೆ ಪಕ್ಕದ ಶೆಡ್ಡಿನಲ್ಲಿ ತುಕ್ಕು ಕೆರೆದು, ಎಂಜಿನ್ ಬಿಚ್ಚಿ ಕೂಡಿಸಿ ಅದಕ್ಕೆ ಜೀವ ತಂದಿದ್ದಳು. ಅಮ್ಮನ ಮಂಡಿ ಮಡಚುತ್ತಿರಲಿಲ್ಲ. ಅದಕ್ಕೇ ಮುಂದಿನ ಸೀಟು ಬಾಗಿಲ ಕಡೆ ತಿರುಗುವಂತೆ ಮಾಡಿದ್ದಳು. ಮಂಡಿಯ ಆಪರೇಷನ್ನಿಗೆ ಹೋದರೆ ಇದೇ ಕಾರಿನಲ್ಲಿ, ಇಲ್ಲದಿದ್ದರೆ ಹೋಗುವುದೇ ಇಲ್ಲ ಎಂದು ಅಮ್ಮ ಪಟ್ಟು ಹಿಡಿದಿದ್ದರು. ಆಪರೇಷನ್ ದಿನ ಹತ್ತಿರ ಬರುತ್ತಿತ್ತು.

ಕಿಟಕಿಯಿಂದ ಎಲ್ಲ ನೋಡಿದ್ದ ಅಮ್ಮ ಕರೆದರು.

"ಅಲ್ವೇ, ಡೈನಮೋ ತೆಗೆದು ಹೊಸದೇನೋ ಹಾಕ್ದಾಗ ಬ್ಯಾಟರಿ ಉಲ್ಟಾ ಮಾಡ್ಬೇಕಾಯ್ತು ಅಂತ ನನ್ನ ತಲೆ ತಿಂದಿದ್ಯಲ್ಲ. ಅದನ್ನ ಆ ಹುಡುಗನಿಗೆ ಹೇಳಿದ್ಯಾ?"

ಅವಳು ಬಾನೆಟ್ಟಿನತ್ತ ಓಡಿದಳು.

ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತಂತಿ ಕಾರಿನ ಮೈಗೆ ಸೇರುತ್ತದೆ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ಸೇ ಮೈಗೆ. ಅದನ್ನು ಈಗಿನ ರೀತಿಗೆ ಬದಲಾಯಿಸಿದವರು ಬ್ಯಾಟರಿಯ ಪಕ್ಕ ಕೆಂಪು ಚೀಟಿ ಕಟ್ಟುವುದು ವಾಡಿಕೆ. ಅವಳೂ ಕಟ್ಟಿದ್ದಳು. ಬಣ್ಣ ಹೊಡೆಯುವಾಗ ಬಿಚ್ಚಿಟ್ಟವಳು ಮತ್ತೆ ಕಟ್ಟಲು ಮರೆತಿದ್ದಳು!

ಏನೂ ಗೊತ್ತಿಲ್ಲದವನಾಗಿದ್ದರೆ ಸರಿಯಾಗಿ ಜೋಡಿಸುತ್ತಿದ್ದ. ಇಂಥ ಕಾರನ್ನು ಬಲ್ಲವನಾದ್ದರಿಂದಲೇ ಹಳೇ ರೀತಿ ಜೋಡಿಸಿ ತಪ್ಪಿದ... ಅಂಥವನನ್ನೇ ಓಡಿಸಿಬಿಟ್ಟೆನಲ್ಲ!

ಮರುದಿನ ಬೆಳಿಗ್ಗೆ ಅವಳು ನೇರ ಅವನ ಅಂಗಡಿಗೆ ಹೋದಳು. ಸುತ್ತಿಬಳಸದೆ ತಪ್ಪು ತನ್ನದೆಂದಳು, ವಾಪಸ್ ಬರಬೇಕೆಂದಳು. ಅವನು ಬೆರಳಿಗೆ ಸುತ್ತಿದ್ದ ಬಟ್ಟೆ ನೋಡಿಕೊಂಡ.

"ಮೀಟರ್ ಇಟ್ಟು ನೋಡದೆ ಜೋಡಿಸಿದ್ದು ನಾನು. ರಾತ್ರಿಯೆಲ್ಲ ಅದೇ ಯೋಚನೆ. ನೀವು ಕರೀದಿದ್ರೂ ಬರ್ತಿದ್ದೆ."

"ಮತ್ತೆ ಓಡಿಸಿದ್ರೆ?"

"ಗೇಟ್ ಹತ್ರ ನಿಂತಿರ್ತಿದ್ದೆ. ರಸ್ತೆ ನಿಮ್ಮದಲ್ವಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ.

ಸುಟ್ಟ ತಂತಿಗಳನ್ನೆಲ್ಲ ಕಿತ್ತು ಹೊಸದು ಎಳೆಯಲು ವಾರಗಳೇ ಹಿಡಿದವು. ಅವನು ಡ್ಯಾಶ್‌ಬೋರ್ಡಿನಡಿ ಮಲಗಿದರೆ ಅವಳು ಟಾರ್ಚ್ ಹಿಡಿಯುತ್ತಿದ್ದಳು. ಟಾರ್ಚ್ ತಂತಿಯ ಮೇಲಿಲ್ಲ, ನನ್ನ ಮುಖದ ಮೇಲಿದೆ ಎಂದು ಅವನು ಒಂದೆರಡು ಸಲ ನೆನಪಿಸಬೇಕಾಯಿತು. ಸೀಟಿಗೆ ತಂದಿದ್ದ ಚರ್ಮದಲ್ಲಿ ಉಳಿದ ತುಂಡಿನಿಂದ ಅವಳು ಅವನ ಚೀಲಕ್ಕೆ ಹೊಸ ಪಟ್ಟಿ ಹೊಲಿದುಕೊಟ್ಟಳು. ಅವನು ಅದನ್ನು ಸುಮ್ಮನೆ ಸವರುತ್ತ ಕೂತ.

ಆಸ್ಪತ್ರೆಗೆ ಹೊರಡುವ ದಿನ ಅಮ್ಮ ತಿರುಗುವ ಸೀಟಿನಲ್ಲಿ ರಾಣಿಯಂತೆ ಕೂತು ಒಳಗೆ ತಿರುಗಿದರು. ಅವನು ಬ್ಯಾಟರಿಯ ಮುಂದೆ ತಂತಿ ಹಿಡಿದು ನಿಂತ. ಕೆಂಪು ಚೀಟಿ ಅದರ ಜಾಗದಲ್ಲಿತ್ತು. ಮೀಟರ್ ಇಟ್ಟೂ ನೋಡಿದ್ದ.

"ಇನ್ನೇನಾದ್ರೂ ಬದಲಾಯಿಸಿದ್ರೆ ಈಗ್ಲೇ ಹೇಳಿಬಿಡಿ."

"ಕಾರಲ್ಲಿ ಏನೂ ಇಲ್ಲ," ಎಂದಳು. "ಬದಲಾಗಿರೋದು ನಾನು."

ಅವನ ಕೈ ಹಾಗೇ ನಿಂತಿತು. "ಯಾವತ್ತಿಂದ?"

"ಗೇಟ್ ಹತ್ರ ತಿರುಗಿ ಕಾರನ್ನ ನೋಡಿದ್ರಲ್ಲ, ಆವತ್ತಿಂದ. ನನ್ನನ್ಯಾಕೆ ನೋಡ್ಲಿಲ್ಲ ಅನ್ನಿಸ್ತು."

"ನೋಡೋಕೆ ಧೈರ್ಯ ಬರ್ಲಿಲ್ಲ..."

"ಈಗ?"

ಅವನು ನೋಡಿದ. ಕಣ್ಣು ತೆಗೆಯದೆ ನೋಡಿದ.

ಒಳಗಿಂದ ಅಮ್ಮ ಡ್ಯಾಶ್‌ಬೋರ್ಡ್ ತಟ್ಟಿದರು. "ನೋಡಿದ್ದಾದ್ರೆ ತಂತಿ ಜೋಡಿಸಪ್ಪ. ಡಾಕ್ಟರು ಕಾಯ್ತಿದ್ದಾರೆ."

ತಂತಿ ತಾಗಿತು. ಹೊಗೆ ಬರಲಿಲ್ಲ. ಬಾನೆಟ್ ಮುಚ್ಚಿದ ಅವನ ಕೈಯ ಮೇಲೆ ಅವಳು ತನ್ನ ಕೈ ಇಟ್ಟಳು.

"ಹಿಂದಿನ ಸೀಟಲ್ಲಿ ಜಾಗ ಇದೆ. ಬರ್ತೀರಾ?"

"ಎಲ್ಲೀವರೆಗೆ?"

"ಕಾರು ಓಡೋವರೆಗೆ."

"ಹಾಗಾದ್ರೆ ನಿಲ್ಲೋಕೆ ಬಿಡಲ್ಲ," ಎಂದು ಅವನು ಬಾಗಿಲು ತೆಗೆದ.